ಸರ್ವರ್ ಬಂತು, ಸಂಘದ ಸಾಫ್ಟ್‌ವೇರ್ ಯಾಕೆ ಇನ್ನೂ ಸ್ಲೋ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರ ಅಂಕಣದಲ್ಲಿ ಓದುಗರೊಬ್ರು ತಮ್ಮೂರ ಪತ್ತಿನ ಸಹಕಾರ ಸಂಘದ ಬಗ್ಗೆ ಬರೆದಿದ್ರು. ಮೊದ್ಲು ಒಂದು ಹಳೇ ಕಂಪ್ಯೂಟರಲ್ಲೇ ಪಾಸ್‌ಬುಕ್ ಎಂಟ್ರಿ ಸರಸರ ಆಗ್ತಿತ್ತಂತೆ, ಈಗ ಮಹಾಸಭೇಲಿ ಚಪ್ಪಾಳೆ ಹೊಡೆಸ್ಕೊಂಡು ಸರ್ವರ್ ತಂದು ಕೂರಿಸಿದ್ಮೇಲೆ ದಿನಾ 'ಸರ್ವರ್ ಸ್ಲೋ ಇದೆ, ಮಧ್ಯಾಹ್ನ ಬನ್ನಿ' ಅನ್ನೋದೇ ಆಗಿದ್ಯಂತೆ, ಹಂಗಾಗಿ ಹಳೇದೇ ವಾಸಿ ಇತ್ತು ಅಂತ ಅವರ ತೀರ್ಮಾನ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ, ತೀರ್ಮಾನ ಮಾತ್ರ ಒಪ್ಪಕ್ಕಾಗಲ್ಲ. ನಾನು ಸಾಗರ, ಶಿರಸಿ ಕಡೆ ಸಂಘಗಳು, ಖಾಸಗಿ ಶಾಲೆಗಳು, ಅಡಿಕೆ ಮಂಡಿಗಳು ಇಂಥ ಕಡೆ ಆಕ್ಸೆಸ್ ಅನ್ನೋ ಸಾಫ್ಟ್‌ವೇರಲ್ಲಿರೋ ಹಳೇ ಡೇಟಾಬೇಸ್‌ನ (ಅಂದ್ರೆ ಲೆಕ್ಕಪತ್ರ ಎಲ್ಲಾ ಇರೋ ಕಂಪ್ಯೂಟರ್ ಕಡತಾನ) ಸರ್ವರ್‌ಗೆ ದಾಟಿಸಿಕೊಡೋ ಕೆಲಸಾನೇ ಮಾಡ್ಕೊಂಡಿರೋನು. ಸ್ಲೋ ಅಂತ ದೂರು ಬಂದ ಕಡೆ ಹೋಗಿ ನೋಡಿದ್ರೆ ಹೆಚ್ಚೂಕಮ್ಮಿ ಒಂದೇ ಕತೆ, ಟೇಬಲ್‌ಗಳನ್ನ (ಡೇಟಾ ಸಾಲು ಸಾಲಾಗಿ ಕೂತಿರೋ ಪಟ್ಟಿಗಳನ್ನ) ಮಾತ್ರ ಎತ್ತಿ ಸರ್ವರ್‌ಗೆ ಹಾಕಿ ಬಿಲ್ ತಗೊಂಡು ಹೋಗಿರ್ತಾರೆ, ಉಳಿದ ಕೆಲಸಾನ ಯಾರೂ ಮುಟ್ಟಿರಲ್ಲ.

ಮೊದ್ಲು ಈ ಹಳೇದು ಅಂದ್ರೇನು ಅಂತ ಹೇಳ್ಬಿಡ್ತೀನಿ. ಮೈಕ್ರೋಸಾಫ್ಟ್ ಆಕ್ಸೆಸ್ ಬಂದಿದ್ದು 1992ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿಂದ ಫಾಕ್ಸ್‌ಪ್ರೋ ಅಂತ ಇಂಥದ್ದೇ ಇನ್ನೊಂದು ಇತ್ತು, ಅದರ ಕೊನೇ ಆವೃತ್ತಿ ವಿಷುಯಲ್ ಫಾಕ್ಸ್‌ಪ್ರೋ 9 ಬಂದಿದ್ದು 2004ರಲ್ಲಿ, ಇನ್ಮೇಲೆ ಹೊಸದು ಮಾಡಲ್ಲ ಅಂತ 2007ರಲ್ಲಿ ಹೇಳಿದ್ರು, 2015ರ ಜನವರಿಗೆ ಸಪೋರ್ಟೂ ಮುಗೀತು. ಆದ್ರೂ ನಮ್ಮ ಕಡೆ ಎಷ್ಟೋ ಆಫೀಸಲ್ಲಿ ಇವೆರಡೂ ಇನ್ನೂ ಓಡ್ತಾ ಇವೆ. ನನಗೆ ಅದರ ಬಗ್ಗೆ ತಾತ್ಸಾರ ಇಲ್ಲ. ಅದನ್ನ ಬರೆದೋರು ಬಹಳ ಸಲ ಸಂಘದ ಗುಮಾಸ್ತರೋ ಊರಿನ ಕಂಪ್ಯೂಟರ್ ಮೇಷ್ಟ್ರೋ ಆಗಿರ್ತಾರೆ, ಪಿಗ್ಮಿ ಏಜೆಂಟು ಸಂಜೆ ಬಂದು ಕಟ್ಟೋ ರೀತಿ, ಸಾಲಕ್ಕೆ ಇಬ್ಬರು ಜಾಮೀನು ಹಾಕೋ ರೀತಿ, ಷೇರು ಡಿವಿಡೆಂಡ್ ಹಂಚೋ ರೀತಿ ಎಲ್ಲಾ ಅವರಿಗೆ ಗೊತ್ತಿತ್ತು, ಅದಕ್ಕೇ ಆ ಸ್ಕ್ರೀನ್‌ಗಳು ಕೆಲಸ ಮಾಡೋರ ಕೈಗೆ ಕೂತ್ಬಿಟ್ಟಿವೆ.

ತೊಂದರೆ ಇರೋದು ಸ್ಕ್ರೀನಲ್ಲಲ್ಲ, ಡೇಟಾ ಇಟ್ಕೊಂಡಿರೋ ಫೈಲಲ್ಲಿ. ಆಕ್ಸೆಸ್‌ನಲ್ಲಿ ಡೇಟಾ ಎಲ್ಲಾ ಒಂದೇ ಫೈಲು. ಆ ಫೈಲ್ ಒಂದು ಕಂಪ್ಯೂಟರಲ್ಲಿ ಶೇರ್ ಮಾಡಿಟ್ಟು ಐದಾರು ಕೌಂಟರ್‌ನೋರು ಲ್ಯಾನ್ (ಆಫೀಸಿನ ಒಳಗಿನ ನೆಟ್‌ವರ್ಕ್) ಮೇಲೆ ಅದನ್ನೇ ಓಪನ್ ಮಾಡ್ಕೊಂಡಿರ್ತಾರೆ. ಹುಡುಕೋದು, ಕೂಡೋದು, ತಿದ್ದೋದು ಎಲ್ಲಾ ಆಯಾ ಕೌಂಟರಿನ ಕಂಪ್ಯೂಟರೇ ಮಾಡುತ್ತೆ, ಫೈಲ್ ಇಟ್ಕೊಂಡಿರೋ ಕಂಪ್ಯೂಟರ್‌ಗೆ ಒಳಗೇನಿದೆ ಅಂತಾನೇ ಗೊತ್ತಿರಲ್ಲ. ಕಿರಾಣಿ ಅಂಗಡೀಲಿ ಗಿರಾಕಿಗಳೇ ಒಳಗೆ ನುಗ್ಗಿ ಚೀಲ ಬಿಚ್ಕೊಂಡು ತೂಗ್ಕೊಂಡು ಹೋಗೋ ಹಾಗೆ ಇದು. ಸರ್ವರ್ ಅಂದ್ರೆ ಕಟ್ಟೆ ಮೇಲೆ ಒಬ್ಬ ಕೂತು 'ಏನು ಬೇಕು' ಅಂತ ಕೇಳಿ ಅಷ್ಟು ಮಾತ್ರ ತೆಗೆದುಕೊಡೋದು. ಫೈಲ್ ಪದ್ಧತೀಲಿ ಯಾರೋ ಬರೀತಿರೋ ಹೊತ್ತಿಗೆ ಕರೆಂಟ್ ಹೋಯ್ತು ಅಂದ್ರೆ, ಇಲ್ಲಾ ವೈಫೈ ಕೈ ಕೊಡ್ತು ಅಂದ್ರೆ, ಅರ್ಧ ಬರೆದ ಪುಟ ಹಾಗೇ ಉಳಿದು ಫೈಲೇ ಕೆಟ್ಟು ಕೂರಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೆಂಗಿರುತ್ತೆ ಅಂತ ನಾನು ಹೇಳೋದು ಬೇಡ. ಸರ್ವರ್ ಆದ್ರೆ ಮಾಡೋ ಪ್ರತಿ ಬದಲಾವಣೇನೂ ಮೊದ್ಲು ಲಾಗ್ ಅನ್ನೋ ದಿನಚರಿ ಫೈಲಿಗೆ ಬರ್ಕೊಳುತ್ತೆ, ಮಧ್ಯದಲ್ಲಿ ನಿಂತೋದ್ರೆ ಮತ್ತೆ ಶುರುವಾದಾಗ ಅರ್ಧ ಆಗಿದ್ದನ್ನ ಅದೇ ವಾಪಸ್ ತೆಗೆಯುತ್ತೆ. ಇನ್ನು ಗಾತ್ರ, ಆಕ್ಸೆಸ್ 97ರಲ್ಲಿ 1 ಜಿಬಿ, 2000ದಿಂದ ಇವತ್ತಿನ ತನಕ 2 ಜಿಬಿ, ಅದ್ರಾಚೆ ಹೋಗಲ್ಲ. ಒಟ್ಟಿಗೆ 255 ಜನ ಕೂರಬಹುದು ಅಂತ ಕಾಗದದ ಮೇಲಿದೆ, ಅದನ್ನ ನಂಬ್ಕೊಂಡು ಯಾರೂ ಕೌಂಟರ್ ಹೆಚ್ಚಿಸಬೇಡಿ.

ಎಲ್ರೂ ದಾಟಲೇಬೇಕು ಅಂತ ನಾನು ಹೇಳ್ತಿಲ್ಲ. ಒಂದೇ ಕಂಪ್ಯೂಟರು, ಒಬ್ರೇ ಗುಮಾಸ್ತರು, ಯುಪಿಎಸ್ ಇದೆ, ದಿನಾ ಬ್ಯಾಕಪ್ ಆಗ್ತಿದೆ ಅನ್ನೋ ಹಾಲಿನ ಡೈರಿಗೆ ಸರ್ವರ್ ಮಾರಕ್ಕೆ ಬರೋರನ್ನ ಟೀ ಕೊಟ್ಟು ಕಳಿಸಿ. ಆದ್ರೆ ಎರಡು ಬ್ರಾಂಚು, ನಾಲ್ಕೈದು ಕೌಂಟರು, ವಾರಕ್ಕೊಂದ್ಸಲ ಫೈಲ್ ರಿಪೇರಿಗೆ 'ಕಂಪ್ಯಾಕ್ಟ್ ಅಂಡ್ ರಿಪೇರ್' ಒತ್ತೋ ಪರಿಸ್ಥಿತಿ ಬಂದಿದ್ರೆ ಹೊತ್ತಾಗಿದೆ ಅಂತಲೇ ಅರ್ಥ.

ಈಗ ಸ್ಲೋ ವಿಷಯಕ್ಕೆ ಬರ್ತೀನಿ. ದಾಟಿಸೋದು ಅಂದ್ರೆ ಸಾಮಾನ್ಯವಾಗಿ ಹಿಂಗೆ ಮಾಡ್ತಾರೆ, ಟೇಬಲ್‌ಗಳು ಎಸ್‌ಕ್ಯೂಎಲ್ ಸರ್ವರ್‌ಗೋ ಪೋಸ್ಟ್‌ಗ್ರೆಸ್‌ಗೋ (ಇವೆರಡೂ ಸರ್ವರಲ್ಲಿ ಓಡೋ ಡೇಟಾಬೇಸ್ ಸಾಫ್ಟ್‌ವೇರ್‌ಗಳು) ಹೋಗ್ತವೆ, ಆಕ್ಸೆಸ್‌ನ ಫಾರ್ಮ್‌ಗಳು, ಅಂದ್ರೆ ಸ್ಕ್ರೀನ್‌ಗಳು, ಕೌಂಟರಲ್ಲೇ ಇರ್ತವೆ, ನಡುವೆ ಒಡಿಬಿಸಿ ಅನ್ನೋ ಕೊಂಡಿ. ಈ ದಾರಿ ಒಳ್ಳೇದೇ, ನಾನೂ ಅದನ್ನೇ ಹೇಳೋದು, ಯಾಕಂದ್ರೆ ಗುಮಾಸ್ತರು ಹೊಸ ಸ್ಕ್ರೀನ್ ಕಲೀಬೇಕಿಲ್ಲ, ಸಂಘ ಇಡೀ ಸಾಫ್ಟ್‌ವೇರ್ ಹೊಸದಾಗಿ ಬರೆಸಬೇಕಿಲ್ಲ. ಆದ್ರೆ ಹಳೇ ಫಾರ್ಮ್ ಬರೆದವರು ಫೈಲ್ ಪಕ್ಕದಲ್ಲೇ ಇದೆ ಅನ್ನೋ ಧೈರ್ಯದಲ್ಲಿ ಬರೆದಿರ್ತಾರೆ. ಸದಸ್ಯರ ಫಾರ್ಮ್ ತೆಗೆದ ತಕ್ಷಣ ಎಲ್ಲಾ ಸದಸ್ಯರೂ ಬಂದು ಕೂರ್ತಾರೆ, ಆಮೇಲೆ ಫೈಂಡ್ ಒತ್ತಿ ಒಬ್ಬರನ್ನ ಹುಡುಕೋದು. ಲೆಡ್ಜರ್‌ನಲ್ಲಿ ಪ್ರತಿ ಸಾಲಿಗೂ ಒಂದೊಂದು ಡಿಲುಕಪ್ಪು ಡಿಸಮ್ಮು, ಅಂದ್ರೆ ಬೇರೆ ಟೇಬಲ್ಲಲ್ಲಿ ಹುಡುಕಿ ತರೋ, ಕೂಡಿ ತರೋ ಆಕ್ಸೆಸ್ ಫಂಕ್ಷನ್‌ಗಳು. ಕ್ವೆರಿ (ಡೇಟಾ ಕೇಳೋ ಆದೇಶ) ಒಳಗೆ ಎನ್‌ಝಡ್ ಅನ್ನೋ, ಖಾಲಿ ಇದ್ದ ಕಡೆ ಸೊನ್ನೆ ತುಂಬೋ ಆಕ್ಸೆಸ್ ಫಂಕ್ಷನ್ನೋ, ತಾವೇ ಬರೆದ ಬಡ್ಡಿ ಲೆಕ್ಕದ ಫಂಕ್ಷನ್ನೋ ಹಾಕಿ ಅದರ ಮೇಲೆ ಷರತ್ತು ಇಟ್ಟಿರ್ತಾರೆ, ಆ ಫಂಕ್ಷನ್ ಏನು ಅಂತ ಸರ್ವರ್‌ಗೆ ಗೊತ್ತಿಲ್ವಲ್ಲ, ಹಂಗಾಗಿ ಇಡೀ ಟೇಬಲ್ಲನ್ನೇ ಕೌಂಟರಿಗೆ ಎಳ್ಕೊಂಡು ಬಂದು ಅಲ್ಲಿ ಸೋಸುತ್ತೆ. ಸರ್ವರ್ ಎಷ್ಟೇ ದುಬಾರಿದಾಗಿರ್ಲಿ, ರ‍್ಯಾಮ್ ಎಷ್ಟೇ ಹಾಕ್ಸಿ, ಇದು ಸರಿ ಹೋಗಲ್ಲ. ಫಾರ್ಮ್ ಖಾಲಿ ತೆಗೆದು ಮೊದ್ಲು ಖಾತೆ ನಂಬರ್ ಕೇಳಿ ಆಮೇಲೆ ಆ ಒಂದು ಸಾಲು ಮಾತ್ರ ತರೋ ಹಾಗೆ ಮಾಡ್ಬೇಕು, ಭಾರೀ ಲೆಕ್ಕಗಳನ್ನ ಸರ್ವರಲ್ಲೇ ವ್ಯೂ (ಅಲ್ಲೇ ಉಳಿಸಿಟ್ಟ ಕ್ವೆರಿ) ಮಾಡಿಟ್ಟು ಉತ್ತರ ಮಾತ್ರ ತರಿಸ್ಕೋಬೇಕು, ಅಲ್ಲೇ ಓಡಬೇಕಾದ ಕ್ವೆರಿನ ಪಾಸ್-ಥ್ರೂ ಮಾಡ್ಬೇಕು, ಅಂದ್ರೆ ಆಕ್ಸೆಸ್ ಕೈ ಹಾಕದೆ ನೇರ ಸರ್ವರ್‌ಗೆ ಕಳಿಸ್ಬೇಕು. ನಿಮ್ಮ ಓದುಗರ ಸಂಘದಲ್ಲಿ ನಡೀದೇ ಇರೋದು ಬಹುಶಃ ಈ ಕೆಲಸವೇ. ಇದಕ್ಕೆ ಕೊಟೇಶನ್‌ನಲ್ಲಿ ಒಂದು ಸಾಲೂ ಇರಲ್ಲ, ಸರ್ವರ್ ಪೆಟ್ಟಿಗೆಗೆ ಮಾತ್ರ ಮಾಡೆಲ್ ನಂಬರ್ ಸಮೇತ ಇರುತ್ತೆ.

ಇನ್ನು ಸಣ್ಣಪುಟ್ಟ ಕಾಟಗಳು. ಪ್ರೈಮರಿ ಕೀ (ಪ್ರತಿ ಸಾಲನ್ನ ಗುರುತಿಸೋ ನಂಬರ್ ಥರದ್ದು) ಇಲ್ಲದ ಟೇಬಲ್ ಲಿಂಕ್ ಮಾಡಿದ್ರೆ ಓದಕ್ಕೆ ಬರುತ್ತೆ, ತಿದ್ದಕ್ಕೆ ಬರಲ್ಲ. ಆಕ್ಸೆಸ್‌ನಲ್ಲಿ ಹೌದು ಅನ್ನೋದಕ್ಕೆ ಮೈನಸ್ 1, ಎಸ್‌ಕ್ಯೂಎಲ್ ಸರ್ವರಲ್ಲಿ 1, ಹಳೇ ಕ್ವೆರಿನ ಹಾಗೇ ಸರ್ವರ್‌ಗೆ ಕಳಿಸಿದ್ರೆ ಸುಸ್ತಿ ಸಾಲಗಾರರ ಪಟ್ಟಿ ಖಾಲಿ ಬರುತ್ತೆ, ಅಧ್ಯಕ್ಷರು ಖುಷಿ ಪಡ್ತಾರೆ. ಹೌದು-ಇಲ್ಲ ಕಾಲಂ ಖಾಲಿ ಬಿಟ್ಟಿದ್ರೆ ಇನ್ನೂ ಮಜಾ, ಆಫೀಸಲ್ಲಿ ಒಬ್ರೇ ಕೂತಿದ್ರೂ 'ಈ ದಾಖಲೆಯನ್ನ ಬೇರೊಬ್ಬರು ಬದಲಿಸಿದ್ದಾರೆ' ಅಂತ ಮೆಸೇಜು, ಎಷ್ಟು ಸಲ ಸೇವ್ ಒತ್ತಿದ್ರೂ ಅದೇ. ಆ ಕಾಲಂಗೆಲ್ಲ ಸೊನ್ನೆ ತುಂಬಿಸಿ ಡಿಫಾಲ್ಟ್ ಕೊಟ್ಟು, ಸಾಲು ಬದಲಾದಾಗೆಲ್ಲ ತಾನೇ ಬದಲಾಗೋ ರೋವರ್ಷನ್ ಅನ್ನೋ ಕಾಲಂನ ಟೇಬಲ್‌ಗೊಂದು ಸೇರಿಸಿದ್ರೆ ನಿಲ್ಲುತ್ತೆ. ತಾರೀಖಿನದ್ದೂ ಹಾಗೇ. ಅವಸರದಲ್ಲಿ 2015 ಅಂತ ಹೊಡೆಯೋ ಬದಲು 0215 ಅಂತ ಹೊಡೆದಿರೋ ಸಾಲು ಹಳೇ ಡೇಟಾದಲ್ಲಿ ಸಿಕ್ಕೇ ಸಿಗುತ್ತೆ, ಆಕ್ಸೆಸ್ ಅದನ್ನ ನುಂಗ್ಕೊಂಡಿರುತ್ತೆ. ಎಸ್‌ಕ್ಯೂಎಲ್ ಸರ್ವರ್‌ನ ಹಳೇ ಡೇಟ್‌ಟೈಮ್ ವಿಧ 1753ರ ಜನವರಿ 1ಕ್ಕಿಂತ ಹಿಂದಿಂದು ಯಾವುದನ್ನೂ ತಗೊಳಲ್ಲ. (ಇಂಗ್ಲೆಂಡಿನೋರು 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿದ್ದಕ್ಕೆ ಸೊರಬದ ಸಂಘದ ಸಾಲದ ಕಂತು ಸಿಕ್ಕಾಕ್ಕೊಳ್ಳೋದು ನೋಡಿ.) ಹೊಸ ವಿಧ ಡೇಟ್‌ಟೈಮ್2 ತಗೊಳುತ್ತೆ, ಆದ್ರೆ ತಗೊಂಡ್ರೆ ತಪ್ಪು ತಾರೀಖು ಸದ್ದಿಲ್ಲದೆ ಜೊತೇಲೇ ಬಂತು ಅಂತಾಯ್ತು, ಸಾಲದ್ದಕ್ಕೆ ಹಳೇ ಒಡಿಬಿಸಿ ಡ್ರೈವರ್ ಇಟ್ಕೊಂಡಿದ್ರೆ ಆಕ್ಸೆಸ್‌ಗೆ ಅದು ತಾರೀಖಾಗಿ ಕಾಣಲ್ಲ, ಬರೀ ಟೆಕ್ಸ್ಟ್ ಆಗಿ ಕಾಣುತ್ತೆ. ಹಂಗಾಗಿ ದಾಟೋಕೆ ಮುಂಚೆ ಆಕ್ಸೆಸ್‌ನಲ್ಲೇ ಹುಡುಕಿ ಲೆಡ್ಜರ್ ನೋಡ್ಕೊಂಡು ತಿದ್ದೋದೇ ಸರಿ.

ನಾನು ಮುಖ್ಯವಾಗಿ ಬರೀಬೇಕು ಅಂದ್ಕೊಂಡಿದ್ದು ಕನ್ನಡದ ವಿಷಯ, ಯಾಕಂದ್ರೆ ಇದನ್ನ ಬೆಂಗಳೂರಿಂದ ಬರೋ ಕಂಪನಿಯವರೂ ಸರಿಯಾಗಿ ನೋಡಲ್ಲ. ವಿಂಡೋಸ್ ಎಕ್ಸ್‌ಪಿ ಕಾಲಕ್ಕಿಂತ ಮುಂಚೆ ವಿಂಡೋಸ್‌ನಲ್ಲಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡೋ ಪದ್ಧತಿ) ಕನ್ನಡ ಇರ್ಲೇ ಇಲ್ಲ, ಹಂಗಾಗಿ ಸದಸ್ಯರ ಹೆಸರು, ಊರು, ತಂದೆ ಹೆಸರು ಎಲ್ಲಾ ನುಡಿ, ಬರಹ, ಶ್ರೀಲಿಪಿ ಇಂಥಾ ಫಾಂಟಲ್ಲಿ ಹೊಡೆದಿಟ್ಟಿದ್ದಾರೆ, ಎಕ್ಸ್‌ಪಿ ಬಂದ್ಮೇಲೂ ಅಭ್ಯಾಸ ಬಿಡಲಿಲ್ಲ. ಅಲ್ಲಿ ಒಳಗೆ ಉಳಿದಿರೋದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅದನ್ನ ಕನ್ನಡದ ಆಕಾರದಲ್ಲಿ ತೋರಿಸುತ್ತೆ ಅಷ್ಟೇ. ನುಡಿಯ ಹಳೇ ಸಂಕೇತದಲ್ಲಿ ಚಿ ಅಕ್ಷರ ಕೂತಿರೋದು ಇಂಗ್ಲಿಷಿನ ಸಣ್ಣ ಎ ಜಾಗದಲ್ಲಿ, ಅ ಕೂತಿರೋದು ದೊಡ್ಡ ಸಿ ಜಾಗದಲ್ಲಿ. ಹಂಗಾಗಿ ಊರುಗಳನ್ನ ಅಕಾರಾದಿ ಮಾಡಿದ್ರೆ ಅರಸೀಕೆರೆಗಿಂತ ಮುಂಚೆ ಚಿಕ್ಕಮಗಳೂರು ಬರುತ್ತೆ. ಇದು ನೋಡಿ ಎಲ್ರಿಗೂ ಅಭ್ಯಾಸ ಆಗಿದೆ. ಅಭ್ಯಾಸ ಆಗದೇ ಇರೋದು ಇನ್ನೊಂದಿದೆ, ಅದೇ ಅಪಾಯದ್ದು. ಚ ಅಕ್ಷರಕ್ಕೆ ದೊಡ್ಡ ಜೆಡ್, ದ ಅಕ್ಷರಕ್ಕೆ ಸಣ್ಣ ಜೆಡ್. ಆಕ್ಸೆಸ್ ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡಲ್ಲ, ಎಸ್‌ಕ್ಯೂಎಲ್ ಸರ್ವರೂ ಸುಮ್ನೆ ಇನ್‌ಸ್ಟಾಲ್ ಮಾಡಿದ್ರೆ ಮಾಡಲ್ಲ. ಅಂದ್ರೆ ಚಾಮಣ್ಣ ಅಂತ ಹುಡುಕಿದ್ರೆ ದಾಮಣ್ಣನೂ ಬರ್ತಾನೆ, ಆ ಕಾಲಂ ಮೇಲೆ ಯುನೀಕ್ ಇಂಡೆಕ್ಸ್ (ಒಂದೇ ಹೆಸರು ಎರಡು ಸಲ ಬರಬಾರದು ಅನ್ನೋ ಕಟ್ಟು) ಹಾಕಿದ್ರೆ ಇಬ್ರೂ ಒಬ್ರೇ ಅಂತ ಎರಡನೆಯವರನ್ನ ಸೇರಿಸ್ಕೊಳ್ಳಲ್ಲ. ಕಣ್ಣಿಗೆ ಕಾಣೋದು ಬೇರೆ ಬೇರೆ ಹೆಸರು, ಕಂಪ್ಯೂಟರ್‌ಗೆ ಮಾತ್ರ ಅವಳಿಜವಳಿ.

ಇದನ್ನ ಯೂನಿಕೋಡ್‌ಗೆ ತಿರುಗಿಸಕ್ಕೆ ಕನ್ವರ್ಟರ್‌ಗಳು ಇವೆ, ಆದ್ರೆ ಇಡೀ ಟೇಬಲ್ಲಿನ ಮೇಲೆ ಸುಮ್ನೆ ಓಡಿಸಿಬಿಡಬಾರದು. ಟೇಬಲ್ ಒಳಗೆ ಯಾವ ಸಾಲು ಯಾವ ಫಾಂಟು ಅನ್ನೋ ಗುರುತು ಇರಲ್ಲ, ಫಾಂಟ್ ಇರೋದು ಫಾರ್ಮ್ ಮೇಲೆ. ಒಂದೇ ಷರಾ ಕಾಲಂನಲ್ಲಿ ಕೆಲವು ಸಾಲು ಕನ್ನಡ, ಕೆಲವು ಇಂಗ್ಲಿಷು. ಯಾರೋ 'ಎ/ಸಿ' ಅಂತ ಇಂಗ್ಲಿಷಲ್ಲಿ ಹೊಡೆದಿದ್ರೆ ಕನ್ವರ್ಟರ್ ಅದನ್ನ ಅನುಸ್ವಾರದ ಸೊನ್ನೆ, ಗೀಟು, ಅ ಮಾಡಿ ಇಡುತ್ತೆ, ಅದೇನು ಅಂತ ಆಡಿಟರ್ ಕೇಳಿದ್ರೆ ಹೇಳೋರಿಲ್ಲ. ಅರ್ಕಾವತ್ತು ಹಳೇ ಸಂಕೇತದಲ್ಲಿ ಅಕ್ಷರ ಆದ್ಮೇಲೆ ಬರುತ್ತೆ, ಯೂನಿಕೋಡ್‌ನಲ್ಲಿ ರ್ ಮೊದ್ಲು ಬರಬೇಕು, ಒಳ್ಳೇ ಕನ್ವರ್ಟರ್ ಇದನ್ನ ತಿರುಗಿಸುತ್ತೆ, ಕೆಲವು ಎಡವುತ್ತವೆ. ಶ್ರೀಲಿಪಿಲಿ ಹೊಡೆದಿದ್ದಕ್ಕೆ ನುಡಿ ಕನ್ವರ್ಟರ್ ಹಾಕಿದ್ರಂತೂ ಕೇಳೋದೇ ಬೇಡ. ಹಂಗಾಗಿ ನಾನು ಹೇಳೋದು, ಹಳೇ ಕಾಲಂ ಹಾಗೇ ಇಟ್ಟು ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅದರಲ್ಲಿ ತಿರುಗಿಸಿ, ಎರಡನ್ನೂ ಪ್ರಿಂಟ್ ತೆಗೆದು ಊರು ಬಲ್ಲ ಗುಮಾಸ್ತರ ಕೈಗೆ ಕೊಡಿ. ಸಂಘದ ಹೆಸರುಗಳನ್ನ ಅವರಷ್ಟು ಚೆನ್ನಾಗಿ ಯಾವ ಪ್ರೋಗ್ರಾಮೂ ಓದಲ್ಲ.

ಅಷ್ಟೆಲ್ಲಾ ಮಾಡಿ ಕೊನೇಲಿ ಸರ್ವರಲ್ಲಿ ಕಾಲಂ ವಿಧ ವಾರ್‌ಚಾರ್ (ಸಾಮಾನ್ಯವಾಗಿ ಕನ್ನಡ ಹಿಡಿಯದ ಅಕ್ಷರದ ವಿಧ) ಅಂತ ಇಟ್ಬಿಟ್ರೆ ಮುಗೀತು, ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಎಸ್‌ಕ್ಯೂಎಲ್ ಸರ್ವರಲ್ಲಿ ಕನ್ನಡಕ್ಕೆ ಸಾಮಾನ್ಯವಾಗಿ ಎನ್‌ವಾರ್‌ಚಾರ್ ಬೇಕು, ಕೋಡಲ್ಲಿ ಕನ್ನಡ ಪದ ಬರೆಯೋ ಕಡೆ ಮುಂದೆ ದೊಡ್ಡ ಎನ್ ಹಾಕ್ಬೇಕು. ಒಂದ್ಸಲ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆದ್ರೆ ಅದರಿಂದ ಹೆಸರು ವಾಪಸ್ ಬರಲ್ಲ, ಹಳೇ ಫೈಲಿಗೇ ಹೋಗ್ಬೇಕು. ವಿಂಗಡಣೆ ಸರಿಯಾಗಿ ಬರಕ್ಕೆ ಕೊಲೇಷನ್ (ಅಕ್ಷರಗಳನ್ನ ಯಾವ ಕ್ರಮದಲ್ಲಿ ಜೋಡಿಸ್ಬೇಕು ಅನ್ನೋ ನಿಯಮ) ಕೂಡ ನೋಡಿ ಹಾಕ್ಬೇಕು, ಎಸ್‌ಕ್ಯೂಎಲ್ ಸರ್ವರಲ್ಲಿ ಇಂಡಿಕ್ ಜನರಲ್ ಅಂತಿದೆ, ಪೋಸ್ಟ್‌ಗ್ರೆಸ್‌ನಲ್ಲಿ ಐಸಿಯು ಅನ್ನೋ ಭಾಷಾ ಲೈಬ್ರರಿದು ಕನ್ನಡಕ್ಕೆ ಅಂತಲೇ ಇದೆ. ಈ ಕನ್ವರ್ಷನ್ ಮಾಡಕ್ಕೆ ದಾಟೋ ಸಮಯಕ್ಕಿಂತ ಒಳ್ಳೇ ಸಮಯ ಬೇರೆ ಸಿಗಲ್ಲ, ಹೇಗೂ ಎಲ್ಲಾ ಟೇಬಲ್ ಬಿಚ್ಚಿರ್ತೀವಿ. 'ಆಮೇಲೆ ಮಾಡೋಣ ಸಾರ್' ಅಂದೋರು ಮಾಡಿದ್ದನ್ನ ನಾನು ನೋಡಿಲ್ಲ.

ದುಡ್ಡಿನ ಕಾಲಂ ಬಗ್ಗೆ ಎರಡು ಮಾತು. ಹಳೇ ಟೇಬಲ್‌ಗಳಲ್ಲಿ ಮೊತ್ತಕ್ಕೆ ಕರೆನ್ಸಿ ಅಂತ ಇಡೋ ಬದಲು ಡಬಲ್ (ಅಂದಾಜು ದಶಮಾಂಶ ಇಟ್ಕೊಳ್ಳೋ ವಿಧ) ಅಂತ ಇಟ್ಟಿರೋದು ಬಹಳ. ಅದರಲ್ಲಿ ಪೈಸೆ ನಿಖರವಾಗಿ ಉಳಿಯಲ್ಲ, ಸಾವಿರಾರು ಸಾಲು ಕೂಡಿದಾಗ ಒಂದೆರಡು ಪೈಸೆ ಅತ್ತಿತ್ತ ಆಗಬಹುದು. ಸರ್ವರಲ್ಲಿ ಪೈಸೆ ನಿಖರವಾಗಿ ಇಟ್ಕೊಳ್ಳೋ ಡೆಸಿಮಲ್ ವಿಧ ಮಾಡಿದ ತಕ್ಷಣ ಆ ವ್ಯತ್ಯಾಸ ಎದ್ದು ಕಾಣುತ್ತೆ, ಆಗ 'ಹೊಸ ಸಾಫ್ಟ್‌ವೇರ್ ಲೆಕ್ಕ ತಪ್ಪು' ಅಂತ ಗಲಾಟೆ. ದಾಟೋ ದಿನ ಸದಸ್ಯರ ಸಂಖ್ಯೆ, ಷೇರು ಮೊತ್ತ, ಠೇವಣಿ ಮೊತ್ತ, ಸಾಲದ ಬಾಕಿ, ಎಲ್ಲಾ ಹಳೇದರಲ್ಲೂ ಹೊಸದರಲ್ಲೂ ತೆಗೆದು ಪೈಸೆ ತನಕ ತಾಳೆ ನೋಡಿ, ವ್ಯತ್ಯಾಸ ಇದ್ರೆ ಯಾಕೆ ಅಂತ ಬರೆದು ಕಾರ್ಯದರ್ಶಿ, ಆಡಿಟರ್ ಇಬ್ಬರ ಸಹಿ ಹಾಕಿಸಿಡಿ. ಮಾರ್ಚ್ ಕೊನೇಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಸರ್ವರ್ ಅಂದ್ರೆ ಲಕ್ಷಾಂತರ ಅನ್ನೋದೂ ಪೂರ್ತಿ ನಿಜ ಅಲ್ಲ. ಪೋಸ್ಟ್‌ಗ್ರೆಸ್ ಪುಕ್ಕಟೆ, ಗಾತ್ರದ ಮಿತಿನೂ ನಮ್ಮಂಥೋರಿಗೆ ಸಿಗೋ ಮಟ್ಟದಲ್ಲಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿನೂ ಪುಕ್ಕಟೆ, 2022ರ ಆವೃತ್ತೀಲಿ ಒಂದು ಡೇಟಾಬೇಸ್‌ಗೆ 10 ಜಿಬಿ ತನಕ ಬಿಡುತ್ತೆ, ಆಕ್ಸೆಸ್‌ನ 2 ಜಿಬಿ ತುಂಬಕ್ಕೇ ವರ್ಷಗಟ್ಟಲೆ ತಗೊಂಡ ಸಂಘಕ್ಕೆ ಧಾರಾಳ. ಆಕ್ಸೆಸ್‌ನಿಂದ ಟೇಬಲ್ ಎತ್ತಿ ಹಾಕೋ ಮೈಗ್ರೇಷನ್ ಅಸಿಸ್ಟೆಂಟೂ ಪುಕ್ಕಟೆ. ಮೊದ್ಲು ಆಕ್ಸೆಸ್ ಒಳಗೇ ಅಪ್‌ಸೈಜಿಂಗ್ ವಿಝಾರ್ಡ್ ಅಂತಿತ್ತು, 2013ರ ಆವೃತ್ತೀಲಿ ತೆಗೆದುಹಾಕಿದ್ರು. ಒಂದು ಮಾತು, ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊತ್ತು ತಾನಾಗೇ ಬ್ಯಾಕಪ್ ತೆಗೆಯೋ ಏಜೆಂಟ್ ಇರಲ್ಲ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಲ್ಲಿ ನಾವೇ ಹಾಕ್ಬೇಕು. ಹಳೇ ಅಭ್ಯಾಸದಂತೆ ಸಂಜೆ ಫೈಲನ್ನ ಪೆನ್‌ಡ್ರೈವ್‌ಗೆ ಎಳ್ಕೊಂಡು ಹೋಗೋದು ಇಲ್ಲಿ ನಡೆಯಲ್ಲ, ಸರ್ವರ್ ಓಡ್ತಿರುವಾಗ ಆ ಫೈಲ್ ಕಾಪಿ ಆಗಲ್ಲ. ಬ್ಯಾಕಪ್ ಕಮ್ಯಾಂಡ್‌ನಿಂದ್ಲೇ ತೆಗೀಬೇಕು, ಆಗಾಗ ಬೇರೆ ಕಂಪ್ಯೂಟರಲ್ಲಿ ಅದನ್ನ ರಿಸ್ಟೋರ್ ಮಾಡಿ ತೆರೆಯುತ್ತಾ ಅಂತ ನೋಡ್ಬೇಕು, ಒಂದು ಪ್ರತಿ ಆಫೀಸಿಂದ ಹೊರಗಿರಬೇಕು.

ಆ ಪೆನ್‌ಡ್ರೈವಿನ ಮಾತು ಬಂತಲ್ಲ, ಅದೇ ಇನ್ನೊಂದು ಕಾರಣ. ಆಕ್ಸೆಸ್ ಫೈಲ್ ಇಟ್ಟಿರೋ ಫೋಲ್ಡರ್‌ಗೆ ಎಲ್ಲಾ ಕೌಂಟರ್‌ನೋರಿಗೂ ಬರೆಯೋ ಅನುಮತಿ ಕೊಡಲೇಬೇಕು, ಕೊಟ್ರೆ ಯಾರು ಬೇಕಾದ್ರೂ ಇಡೀ ಸಂಘದ ಆಧಾರ್ ನಂಬರು, ಫೋನ್ ನಂಬರು, ಠೇವಣಿ ಮೊತ್ತ ಕಾಪಿ ಮಾಡ್ಕೊಂಡು ಹೋಗಬಹುದು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆನೇ ಬಂದಿದೆ, ಇನ್ನೂ ಇದನ್ನ ಹಗುರವಾಗಿ ನೋಡೋ ಹಾಗಿಲ್ಲ. ಸರ್ವರಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು ಯಾರು ಯಾವ ಟೇಬಲ್ ನೋಡಬಹುದು ಅಂತ ಕಟ್ಟಬಹುದು. ಎಲ್ರಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಅದನ್ನ ಮಾನಿಟರ್ ಮೇಲೆ ಚೀಟಿ ಅಂಟಿಸಿದ್ರೆ ಮಾತ್ರ ಹಳೇದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನ ಕಂಪ್ಯೂಟರೀಕರಣ ಮಾಡಕ್ಕೆ 2,516 ಕೋಟಿಯ ಯೋಜನೆ ಒಪ್ಪಿತು, ಅವಕ್ಕೆಲ್ಲಾ ಒಂದೇ ಸಾಫ್ಟ್‌ವೇರು. ಒಳ್ಳೇದು. ಆದ್ರೆ ಸೌಹಾರ್ದ ಸಂಘಗಳು, ನೌಕರರ ಪತ್ತಿನ ಸಂಘಗಳು, ಪಟ್ಟಣದ ಸಣ್ಣ ಸಂಘಗಳು ಆ ಯೋಜನೆ ಒಳಗಿಲ್ಲ, ಅವರು ತಮ್ಮ ದುಡ್ಡಲ್ಲಿ, ತಮಗೆ ಸಿಕ್ಕಿದೋರ ಮಾತು ಕೇಳ್ಕೊಂಡು ದಾಟ್ತಿದ್ದಾರೆ. 1905ರಲ್ಲೇ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ರಾಜ್ಯ ನಮ್ದು, ಸಹಕಾರ ಇಲಾಖೆಯವರು ಇಂಥ ಸಂಘಗಳಿಗೆ ಒಂದು ಮಾದರಿ ಕರಾರು ಪತ್ರ ಮಾಡಿಕೊಟ್ರೆ ಸಾಕು. ಕ್ವೆರಿ ತಿದ್ದೋದು, ಯೂನಿಕೋಡ್ ಮಾಡೋದು, ಮೊತ್ತ ತಾಳೆ ಮಾಡೋದು, ರಿಸ್ಟೋರ್ ಮಾಡಿ ತೋರಿಸೋದು, ಇವಿಷ್ಟು ಆಗೋ ತನಕ ಕೊನೇ ಕಂತು ಕೊಡಬಾರದು ಅಂತ ಅದರಲ್ಲಿ ಇರ್ಲಿ. ಸರ್ವರಿನ ಮುಖ್ಯ ಪಾಸ್‌ವರ್ಡ್ ಸಾಫ್ಟ್‌ವೇರ್ ಹಾಕಿಕೊಟ್ಟೋರ ಹತ್ರ ಮಾತ್ರ ಉಳಿಯೋದು ನಮ್ಮ ಕಡೆ ಮಾಮೂಲಾಗಿದೆ, ಅವರು ಫೋನ್ ಎತ್ತಲಿಲ್ಲ ಅಂದ್ರೆ ಸಂಘದ ಡೇಟಾ ಸಂಘದ್ದೇ ಅಲ್ಲ ಅನ್ನೋ ಹಾಗೆ. ಅದನ್ನ ಲಕೋಟೇಲಿ ಹಾಕಿ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಸಹಿ ಮಾಡಿ ಸಂಘದ ತಿಜೋರೀಲಿ ಇಡಬೇಕು ಅನ್ನೋದನ್ನೂ ಸೇರಿಸಿ.

ಇಂತಿ,
ಒಬ್ಬ ಓದುಗ, ಸಾಗರ